ಪೇಟೆ ಬೀದಿಯ ಅಳತೆ ಹೊಸ್ತಿಲಿನಿಂದ ಶುರುವಾಗಬೇಕು

ದಾವಣಗೆರೆಯ ಹಳೇ ಪೇಟೆಯಲ್ಲಿ ನಮ್ಮ ಮನೆಯವರದೊಂದು ಗೋಣಿಚೀಲದ ಅಂಗಡಿ ಇದೆ. ಅಜ್ಜ ಗಲ್ಲಾದ ಮೇಲೆ ಕೂರುತ್ತಿದ್ದ ಕಾಲಕ್ಕೆ ಬೀದಿಯಿಂದ ಅಂಗಡಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತಂತೆ. ನಾನು ಹೈಸ್ಕೂಲಿಗೆ ಹೋಗುವಾಗ ಎರಡು ಉಳಿದಿದ್ದವು. ಈಗ ಒಂದೂ ಇಲ್ಲ. ಬಾಗಿಲಿಗೆ ಅಡ್ಡವಾಗಿ ಅರ್ಧ ಅಡಿ ಎತ್ತರ ಇಟ್ಟಿಗೆ ಕಟ್ಟಿಸಿ, ಅದನ್ನು ದಾಟಿಕೊಂಡು ಅಣ್ಣ ಒಳಗೆ ಇಳಿಯುತ್ತಾನೆ. ಮೆಟ್ಟಿಲನ್ನು ಯಾರೂ ಕಿತ್ತವರಿಲ್ಲ. ಡಾಂಬರಿನ ಮೇಲೆ ಡಾಂಬರು ಬಿದ್ದು ಬಿದ್ದು ರಸ್ತೆಯೇ ಮೇಲೆದ್ದು ಬಂದು ಅವನ್ನು ನುಂಗಿತು. ಒಂದು ಜೋರು ಮಳೆ ಬಂದರೆ ಕೆಳಗಿನ ಸಾಲಿನ ಚೀಲದ ಕಟ್ಟುಗಳನ್ನು ರಾತ್ರಿಯೇ ಅಟ್ಟಕ್ಕೆ ಏರಿಸಬೇಕು.

ನಾನು ಸಿವಿಲ್ ಓದಿ, ಬೇರೆ ಬೇರೆ ಊರುಗಳಲ್ಲಿ ರಸ್ತೆ ಕೆಲಸದ ಸೈಟ್‌ಗಳಲ್ಲಿ ದುಡಿದವನು. ಊರಿಗೆ ಬಂದಾಗಲೆಲ್ಲ ಅಕ್ಕಪಕ್ಕದ ಅಂಗಡಿಯವರು ಕೇಳುವ ಪ್ರಶ್ನೆ ಒಂದೇ: "ಏನಪ್ಪಾ ಎಂಜಿನಿಯರ್ರೇ, ಒಂದು ರಸ್ತೆ ಮಾಡಾಕೆ ಅಷ್ಟು ವರ್ಷ ಯಾಕೆ ಬೇಕು? ಮಾಡಿದ್ದನ್ನ ಮತ್ತೆ ಯಾಕೆ ಅಗೀತಾರೆ?" ಬೈಗುಳ ಸೇರಿಕೊಂಡಿದ್ದರೂ ಇದು ನ್ಯಾಯವಾದ ಪ್ರಶ್ನೆ, ಮತ್ತು ಇದಕ್ಕೆ ಉತ್ತರವೂ ಇದೆ. ಪೇಟೆ ಬೀದಿಯೊಂದು ಚೆನ್ನಾಗಿ ಆಗುತ್ತದೋ ಕೆಡುತ್ತದೋ ಅನ್ನುವುದು ಜೆಸಿಬಿ ಬರುವ ಎಷ್ಟೋ ತಿಂಗಳು ಮೊದಲೇ, ಎಸ್ಟಿಮೇಟು ಮತ್ತು ಅಗ್ರಿಮೆಂಟಿನ ಹಾಳೆಗಳಲ್ಲಿ ತೀರ್ಮಾನವಾಗಿರುತ್ತದೆ. ಆ ಹಾಳೆಗಳಲ್ಲಿ ಏನಿರುತ್ತದೆ ಎಂದು ವ್ಯಾಪಾರ ಮಾಡುವವರಿಗೆ ಗೊತ್ತಿದ್ದರೆ, ಕೇಳಬೇಕಾದ್ದನ್ನು ಕೇಳಬೇಕಾದ ಹೊತ್ತಿಗೆ ಕೇಳಬಹುದು.

ಹೊಸ ಬಡಾವಣೆಯ ರಸ್ತೆಗೂ ಮಂಡಿಪೇಟೆ, ಚೌಕಿಪೇಟೆಯಂಥ ಬೀದಿಗೂ ಹೋಲಿಕೆಯೇ ಇಲ್ಲ. ಬಡಾವಣೆಯಲ್ಲಿ ನೆಲ ಖಾಲಿ ಇರುತ್ತದೆ. ಪೇಟೆಯಲ್ಲಿ ಮೇಲೆ ಲಾರಿ, ಹಮಾಲರು, ತಳ್ಳುಗಾಡಿ, ಮದುವೆ ಜವಳಿಗೆ ಬಂದ ಹಳ್ಳಿಯ ಕುಟುಂಬಗಳು. ಕೆಳಗೆ ಅದಕ್ಕಿಂತ ಹೆಚ್ಚಿನ ಸಂದಣಿ. ಹಳೇ ನೀರಿನ ಪೈಪು ಒಂದು, ಆಮೇಲೆ ಹಾಕಿದ ಹೊಸ ಪೈಪು ಒಂದು, ಒಳಚರಂಡಿ, ಮಳೆನೀರಿನ ಚರಂಡಿ, ಬೆಸ್ಕಾಂ ಕೇಬಲ್ಲು, ದೂರವಾಣಿಯ ತಾಮ್ರದ ತಂತಿ, ಇಂಟರ್‌ನೆಟ್ಟಿನ ಒಎಫ್‌ಸಿ, ಅಂದರೆ ಗಾಜಿನೆಳೆಯ ಕೇಬಲ್ಲು. ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ. ಒಬ್ಬರ ನಕ್ಷೆ ಇನ್ನೊಬ್ಬರ ಬಳಿ ಇರುವುದಿಲ್ಲ. ತೀರಾ ಹಳೆಯದಕ್ಕೆ ಯಾರ ಬಳಿಯೂ ಇರುವುದಿಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿ ಹೊರಬಿದ್ದಾಗ ಕರ್ನಾಟಕದಿಂದ ಆಯ್ಕೆಯಾದದ್ದು ದಾವಣಗೆರೆ ಮತ್ತು ಬೆಳಗಾವಿ. ಆ ಬಳಿಕ ನಮ್ಮೂರಿನವರು ನೋಡಿದಷ್ಟು ಅಗೆತವನ್ನು ಹಿಂದಿನ ತಲೆಮಾರು ನೋಡಿರಲಿಕ್ಕಿಲ್ಲ. 24 ಗಂಟೆ ನೀರು ಕೊಡುವ ಜಲಸಿರಿಯ ಪೈಪುಗಳೂ ಇದೇ ಬೀದಿಗಳ ಕೆಳಗೇ ಹೋಗಬೇಕಿತ್ತಲ್ಲ.

ಹಾಗಾಗಿ ಯೋಜನೆಯ ಮೊದಲ ಕೆಲಸ ನೆಲದೊಳಗೆ ಏನಿದೆ ಎಂದು ನೋಡುವುದು. ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರ ಇಟ್ಟು ಬೀದಿಯ ಮೇಲ್ಮೈ ಅಳೆಯುವುದು ಸುಲಭ, ಎರಡು ದಿನದ ಮಾತು. ಒಳಗನ್ನು ನೋಡಲು ರಾಡಾರ್ ಯಂತ್ರ ಇದೆ, ಗಾಡಿಯ ಹಾಗೆ ತಳ್ಳಿಕೊಂಡು ಹೋದರೆ ಕೆಳಗಿನ ಪೈಪಿನ ನೆರಳು ತೋರಿಸುತ್ತದೆ. ಆದರೆ ಒದ್ದೆಯಾದ ಎರೆ ಮಣ್ಣಿದ್ದಲ್ಲಿ ಅದರ ಕಣ್ಣು ಹೆಚ್ಚು ಆಳಕ್ಕೆ ಹೋಗುವುದಿಲ್ಲ. ಕೊನೆಗೂ ನಂಬಬೇಕಾದ್ದು ಟ್ರಯಲ್ ಪಿಟ್ಟನ್ನೇ. ಬೀದಿಗೆ ಅಡ್ಡವಾಗಿ, ಗೋಡೆಯಿಂದ ಗೋಡೆಗೆ, ಕಿರಿದಾದ ಒಂದು ಕಾಲುವೆ ತೋಡಿ, ಯಂತ್ರ ಬಿಟ್ಟು ಕೈಯಲ್ಲೇ ಅಗೆಸಿ, ಸಿಕ್ಕ ಪ್ರತಿ ಪೈಪಿನ ವ್ಯಾಸ, ಆಳ, ಗೋಡೆಯಿಂದ ದೂರ ಬರೆದುಕೊಳ್ಳುವುದು. ರಾತ್ರಿ ಅಗೆದು ಬೆಳಗಿನ ವ್ಯಾಪಾರದ ಹೊತ್ತಿಗೆ ಮುಚ್ಚಿಬಿಡಬಹುದು. ಇದಕ್ಕೆ ತಗಲುವ ಖರ್ಚು ಇಡೀ ಕೆಲಸದ ಮುಂದೆ ಏನೇನೂ ಅಲ್ಲ. ಆದರೂ ಮೊದಲು ಕೈಬಿಡುವುದು ಇದನ್ನೇ.

ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ಬೇರೊಂದು ಊರಿನ ಪೇಟೆಯಲ್ಲಿ ಹತ್ತಿರದಿಂದ ಕಂಡಿದ್ದೇನೆ. ನಕ್ಷೆಯಲ್ಲಿ ಬೀದಿಯ ಎಡಬದಿ ಖಾಲಿ. ಚರಂಡಿಗೆ ಅಗೆಯುತ್ತಿದ್ದಂತೆ ನಾಲ್ಕು ಇಂಚಿನ ಹಳೇ ಬೀಡಿನ ಪೈಪು ಎದುರಾಯಿತು; ಬಕೆಟ್ಟಿನ ಹಲ್ಲು ತಾಗಿ ಒಡೆದೂ ಹೋಯಿತು. ನೀರು ನಿಲ್ಲಿಸಲು ವಾಲ್ವ್ ಎಲ್ಲಿದೆ ಎಂದು ಯಾರಿಗೂ ತಿಳಿಯದು. ಪೈಪು ಸರಿಸಬೇಕು, ಸರಿ. ಆದರೆ ಸರಿಸುವ ಐಟಂ, ಅಂದರೆ ಆ ಕೆಲಸವನ್ನು ದರದೊಂದಿಗೆ ನಮೂದಿಸಿದ ಸಾಲು, ಅಗ್ರಿಮೆಂಟಿನಲ್ಲೇ ಇಲ್ಲ. ಐಟಂ ಇಲ್ಲದ ಮೇಲೆ ದರ ಇಲ್ಲ, ದರ ಇಲ್ಲದ ಮೇಲೆ ಗುತ್ತಿಗೆದಾರ ಮುಟ್ಟುವುದಿಲ್ಲ. ಹೆಚ್ಚುವರಿ ಐಟಂಗೆ ಮಂಜೂರಾತಿ ಕೇಳಿ ಕಡತ ಮೇಲಕ್ಕೆ ಹೋಯಿತು. ಅದು ತಿರುಗಿ ಬರುವವರೆಗೆ ಎಡಬದಿಯ ಅಂಗಡಿಗಳವರೆಲ್ಲ ಗುಂಡಿಯ ಮೇಲೆ ಎರಡು ಹಲಗೆ ಹಾಕಿಕೊಂಡು ವ್ಯಾಪಾರ ಮಾಡಿದರು. ವಯಸ್ಸಾದ ಬಳೆಗಾರರೊಬ್ಬರು ಗಿರಾಕಿಗಳನ್ನು ಕೈ ಹಿಡಿದು ಹಲಗೆ ದಾಟಿಸುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಸೈಟಿನಲ್ಲಿ ನಾನೇ ಕಿರಿಯ ಎಂಜಿನಿಯರ್. ಒಂದು ಗುಂಡಿ ಮೊದಲೇ ತೋಡಿ ನೋಡಿದ್ದರೆ ಆ ಮನುಷ್ಯನ ಒಂದು ಹಬ್ಬದ ಸೀಸನ್ ಉಳಿಯುತ್ತಿತ್ತು.

ಈಗ ಅಜ್ಜನ ಮೆಟ್ಟಿಲಿಗೆ ಬರೋಣ. ರಸ್ತೆಗೆ ಪ್ರತಿ ಸಲ 50 ಮಿಲಿಮೀಟರ್ ಹೊಸ ಪದರ ಹಾಕಿದರು ಎಂದಿಟ್ಟುಕೊಳ್ಳಿ. ನಾಲ್ಕು ಸಲಕ್ಕೆ 200 ಮಿಲಿಮೀಟರ್, ಅಂದರೆ ಎಂಟು ಇಂಚು. ಒಂದು ಮೆಟ್ಟಿಲು ಪೂರ್ತಿ ಹೋಯಿತು. ಹಳೆಯದನ್ನು ಕೆರೆದು ತೆಗೆದು ಅದೇ ಮಟ್ಟಕ್ಕೆ ಹೊಸದು ಹಾಕುವ ಯಂತ್ರ ಇದೆ, ಆ ಐಟಂ ಸೇರಿಸಿದರೆ ಎಸ್ಟಿಮೇಟು ಏರುತ್ತದೆಂದು ಬಿಡುತ್ತಾರೆ. ಪೂರ್ತಿ ಅಗೆದು ಮರುನಿರ್ಮಾಣ ಮಾಡುವಾಗ ಕಳೆದುಹೋದ ಮಟ್ಟವನ್ನು ವಾಪಸ್ ಪಡೆಯುವ ಅವಕಾಶ ಸಿಗುತ್ತದೆ. ಅದು ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಬರುವ ಅವಕಾಶ. ಕಾಂಕ್ರೀಟ್ ಹಾಕಿದ ಮೇಲೆ ಆ ಬಾಗಿಲು ಮುಚ್ಚಿದಂತೆ.

ಲೆಕ್ಕ ಮಾಡುವ ಬಗೆ ಕಷ್ಟದ್ದಲ್ಲ. ನೀರು ಕೊನೆಗೆ ಹೋಗಿ ಸೇರುವ ದೊಡ್ಡ ಕಾಲುವೆಯ ತಳ ಎಷ್ಟು ಕೆಳಗಿದೆ, ಅದು ಒಂದು ತುದಿ. ಬೀದಿಯ ಅತಿ ತಗ್ಗಿನ ಅಂಗಡಿಯ ಹೊಸ್ತಿಲು ಇನ್ನೊಂದು ತುದಿ. ಈ ಎರಡರ ನಡುವಿನ ಎತ್ತರದಲ್ಲೇ ಚರಂಡಿಯ ಇಳಿಜಾರು, ಫುಟ್‌ಪಾತ್, ಅದರ ಅಂಚುಕಲ್ಲು, ರಸ್ತೆಯ ಬೆನ್ನು ಎಲ್ಲವೂ ಕೂರಬೇಕು. ಕಾಂಕ್ರೀಟ್ ರಸ್ತೆಗೆ ನಡುವಿನಿಂದ ಅಂಚಿಗೆ ಶೇಕಡಾ 2ರಷ್ಟು ಇಳಿಜಾರು ಕೊಟ್ಟರೆ, 7 ಮೀಟರ್ ಅಗಲದ ರಸ್ತೆಯಲ್ಲಿ ನಡುವು ಅಂಚಿಗಿಂತ 70 ಮಿಲಿಮೀಟರ್ ಎತ್ತರ ಇರುತ್ತದೆ. ಅಂಚುಕಲ್ಲು 150 ಮಿಲಿಮೀಟರ್ ಮೀರಬಾರದು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಸಂಹಿತೆ, ಐಆರ್‌ಸಿ 103. ಇವನ್ನೆಲ್ಲ ಹೊಸ್ತಿಲಿನಿಂದ ಕೆಳಗೆ ಕೂಡಿಸುತ್ತಾ ಹೋದರೆ ರಸ್ತೆಯ ಮಟ್ಟ ತಾನಾಗಿ ಸಿಗುತ್ತದೆ. ಎಲ್ಲರೂ ಮಾಡುವ ತಪ್ಪೆಂದರೆ ಲೆಕ್ಕವನ್ನು ಈಗಿರುವ ರಸ್ತೆಯಿಂದ ಮೇಲಕ್ಕೆ ಮಾಡುವುದು. ಕೊನೆಗೆ ಉಳಿಯುವ ವ್ಯತ್ಯಾಸವನ್ನು ಹೊಸ್ತಿಲು ನುಂಗಿಕೊಳ್ಳಬೇಕಾಗುತ್ತದೆ. ಡಿಪಿಆರ್‌ನಲ್ಲಿ, ಅಂದರೆ ವಿವರವಾದ ಯೋಜನಾ ವರದಿಯಲ್ಲಿ, ಪ್ರತಿ ಅಂಗಡಿಯ ಹೊಸ್ತಿಲ ಮಟ್ಟದ ಪಟ್ಟಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಆ ವರದಿ ಅರ್ಧವೇ ಆಗಿದೆ.

ಅಗಲದ ಲೆಕ್ಕದಲ್ಲಿ ವ್ಯಾಪಾರಿಗಳಾದ ನಮ್ಮ ಪಾಲೂ ಇದೆ. ಅದೇ ಸಂಹಿತೆ ವಾಣಿಜ್ಯ ಪ್ರದೇಶದ ಫುಟ್‌ಪಾತ್ ಕನಿಷ್ಠ 2.5 ಮೀಟರ್ ಇರಬೇಕು ಎನ್ನುತ್ತದೆ. ಗೋಡೆಯಿಂದ ಗೋಡೆಗೆ 9 ಮೀಟರ್ ಇರುವ ಓಣಿಯಲ್ಲಿ ಎರಡೂ ಬದಿ ಸೇರಿ 5 ಮೀಟರ್ ಹೋದರೆ ಗಾಡಿಗಳಿಗೆ ಉಳಿಯುವುದು 4. ಅಲ್ಲಿಗೆ ಎದುರುಬದುರು ಸಂಚಾರವೂ ಆಗದು, ಬೈಕ್ ನಿಲ್ಲಿಸಲೂ ಆಗದು. ಏಕಮುಖ ಮಾಡಬೇಕು, ಇಲ್ಲವೇ ಅಂಚುಕಲ್ಲೇ ಇಡದೆ ಇಡೀ ಬೀದಿಯನ್ನು ಒಂದೇ ಮಟ್ಟಕ್ಕೆ ತಂದು, ಲಾರಿಗೆ ಬೆಳಗಿನ ಜಾವದ ಹೊತ್ತು ಕಟ್ಟಿ, ಹಗಲನ್ನು ನಡೆಯುವವರಿಗೆ ಬಿಡಬೇಕು. ಯಾವುದೇ ಆದರೂ ಊರಿನವರು ಕೂತು ಒಪ್ಪಬೇಕಾದ ಮಾತು. ಇನ್ನು ಚರಂಡಿಯ ಮೇಲೆ ನಾವು ಎಳೆದುಕೊಂಡಿರುವ ಕಟ್ಟೆ, ರ‍್ಯಾಂಪು, ಮೆಟ್ಟಿಲುಗಳನ್ನು ತೆಗೆಯಲೇಬೇಕು. ಅದನ್ನು ತೆಗೆಯದೆ ಚರಂಡಿ ನೇರವಾಗಿ ಹರಿಯದು. ಆದರೆ ಕಟ್ಟೆ ಒಡೆದ ಮೇಲೆ ಅಂಗಡಿಗೆ ಹತ್ತುವುದು ಹೇಗೆ, ಹೊಸ ಮೆಟ್ಟಿಲು ಯಾರ ಖರ್ಚು, ಎಲ್ಲಿಯವರೆಗೆ ಅದು ಚಾಚಬಹುದು ಎಂಬುದು ನಕ್ಷೆಯಲ್ಲೂ ಐಟಂ ಪಟ್ಟಿಯಲ್ಲೂ ಬರೆದಿರಬೇಕು. ಒಡೆಯುವ ಐಟಂ ಇದ್ದು ಕಟ್ಟುವ ಐಟಂ ಇಲ್ಲದ ಎಸ್ಟಿಮೇಟುಗಳೇ ಜಗಳದ ಮೂಲ.

ಬೀದಿಬದಿಯ ವ್ಯಾಪಾರಿಗಳ ವಿಷಯವನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ. 2014ರ ಕೇಂದ್ರ ಕಾಯ್ದೆಯ ಪ್ರಕಾರ ಅವರನ್ನು ಸ್ಥಳಾಂತರಿಸಲು 30 ದಿನದ ನೋಟಿಸ್ ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಅವರವರೇ ಆಗಿರಬೇಕು. ಹೂವಿನವರು, ಹಣ್ಣಿನವರು, ಮಿರ್ಚಿ ಮಂಡಕ್ಕಿ ಗಾಡಿಯವರು ಕಾಮಗಾರಿ ನಡೆಯುವಾಗ ಎಲ್ಲಿ ನಿಲ್ಲಬೇಕು ಎಂಬುದು ಯೋಜನೆಯ ಭಾಗವೇ. ಜೆಸಿಬಿ ಬಂದ ದಿನ ಪೊಲೀಸರಿಗೆ ಬಿಡುವ ಕೆಲಸ ಅದಲ್ಲ.

ನಕ್ಷೆ ಆದ ಮೇಲೆ ಎಸ್ಟಿಮೇಟು. ಸರ್ಕಾರ ಪ್ರಕಟಿಸುವ, ಎಸ್‌ಆರ್ ಎಂದು ಕರೆಯುವ ದರಪಟ್ಟಿ ಹಿಡಿದು ಪ್ರತಿ ಕೆಲಸದ ಪ್ರಮಾಣಕ್ಕೆ ದರ ಕಟ್ಟುತ್ತಾರೆ. ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ ಎರಡೂ ಆಗಬೇಕು. ಬಳಿಕ ಟೆಂಡರ್. ಕರ್ನಾಟಕದಲ್ಲಿ ಇದಕ್ಕೆ ಆಧಾರ ಕೆಟಿಪಿಪಿ ಎಂದು ಎಲ್ಲರ ಬಾಯಲ್ಲಿರುವ 1999ರ ಪಾರದರ್ಶಕತೆ ಕಾಯ್ದೆ ಮತ್ತು 2000ದ ನಿಯಮಗಳು. ದೊಡ್ಡ ಕೆಲಸಗಳಿಗೆ ಎರಡು ಲಕೋಟೆ. ಮೊದಲನೆಯದರಲ್ಲಿ ಗುತ್ತಿಗೆದಾರನ ಅನುಭವ, ಯಂತ್ರಗಳು, ವಹಿವಾಟು. ಅದರಲ್ಲಿ ಪಾಸಾದವರ ಎರಡನೆಯ ಲಕೋಟೆಯನ್ನಷ್ಟೇ ತೆರೆದು ದರ ನೋಡುತ್ತಾರೆ. ಅರ್ಹರ ಪೈಕಿ ಕಡಿಮೆ ದರದವರಿಗೆ ಕೆಲಸ.

ಇಲ್ಲಿ ಒಂದು ಸೂಕ್ಷ್ಮ ಇದೆ, ನಿಧಾನವಾಗಿ ನೋಡಬೇಕು. ಎಸ್ಟಿಮೇಟಿಗಿಂತ ಶೇಕಡಾ 20 ಕಡಿಮೆಗೆ ಒಬ್ಬರು ಕೆಲಸ ಹಿಡಿದರು ಅನ್ನಿ. ಸಿಮೆಂಟಿನ ಬೆಲೆ ಅವರಿಗೂ ಇತರರಿಗೂ ಒಂದೇ, ಕಬ್ಬಿಣದ್ದೂ ಅಷ್ಟೇ. ಹಾಗಾದರೆ ಆ 20 ಎಲ್ಲಿಂದ ಬರಬೇಕು? ಕಣ್ಣಿಗೆ ಕಾಣದ ಜಾಗದಿಂದ. ಪೈಪಿನ ಕೆಳಗೆ ಹಾಸಬೇಕಾದ ಮರಳಿನಿಂದ, ಕಾಂಕ್ರೀಟ್ ಗಟ್ಟಿಯಾಗಲು ಉಣಿಸುವ ಕ್ಯೂರಿಂಗ್ ನೀರಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ಗುಂಡಿ ಮುಚ್ಚುವ ರೀತಿಯಿಂದ. ಕಾಲುವೆಗೆ ಮಣ್ಣು ತುಂಬುವಾಗ 150ರಿಂದ 200 ಮಿಲಿಮೀಟರ್ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಯಂತ್ರದಿಂದ ಕುಟ್ಟಬೇಕು. ಅಗೆದ ಎರೆ ಮಣ್ಣನ್ನೇ ಹಿಂದಕ್ಕೆ ತುಂಬುವಂತಿಲ್ಲ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಒಂದೇ ಸಲ ಟಿಪ್ಪರ್ ಸುರಿದು ಮೇಲೊಂದು ರೋಲರ್ ಓಡಿಸಿದರೆ ಆ ದಿನಕ್ಕೆ ಚಂದ ಕಾಣುತ್ತದೆ. ಮುಂದಿನ ಮುಂಗಾರಿಗೆ ಪೈಪು ಹೋದಷ್ಟು ಉದ್ದಕ್ಕೂ ರಸ್ತೆ ಕುಸಿದು, ಹಾವು ಮಲಗಿದ ಹಾಗೆ ತಗ್ಗು ಬೀಳುತ್ತದೆ. ನಮ್ಮೂರಲ್ಲಿ ಆ ತಗ್ಗು ನೋಡದವರು ಯಾರಿದ್ದಾರೆ? ದರ ತೀರಾ ಕಡಿಮೆ ಇದ್ದರೆ ಹೆಚ್ಚುವರಿ ಭದ್ರತಾ ಠೇವಣಿ ಕೇಳುವ ಅವಕಾಶ ಟೆಂಡರ್ ದಾಖಲೆಯಲ್ಲಿದೆ. ಅದನ್ನು ಬಳಸಬೇಕು.

ಇನ್ನೊಂದು ದೊಡ್ಡ ತೀರ್ಮಾನ ಪ್ಯಾಕೇಜಿನದು. ಒಳಚರಂಡಿ ಒಬ್ಬರಿಗೆ, ನೀರು ಇನ್ನೊಬ್ಬರಿಗೆ, ಕೇಬಲ್ಲು ಮತ್ತೊಬ್ಬರಿಗೆ, ರಸ್ತೆ ಮಗದೊಬ್ಬರಿಗೆ ಕೊಟ್ಟರೆ ಒಂದೇ ಬೀದಿಯನ್ನು ನಾಲ್ಕು ಸಲ ಅಗೆಯುತ್ತಾರೆ. ತಪ್ಪು ಯಾರದೆಂದು ಕೇಳಿದರೆ ನಾಲ್ವರೂ ಪಕ್ಕದವರ ಕಡೆ ಕೈ ತೋರಿಸುತ್ತಾರೆ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಗೋಡೆಯಿಂದ ಗೋಡೆಗೆ, ನೆಲದ ಒಳಗಿನದು ಹೊರಗಿನದು ಎಲ್ಲವನ್ನೂ ಒಂದೇ ವಿನ್ಯಾಸ, ಒಂದೇ ಟೆಂಡರಿಗೆ ತಂದರು. ದುಬಾರಿ ಎಂಬ ಟೀಕೆ ಬಂತು, ನಿಜ. ಆದರೆ ನನ್ನ ಮಟ್ಟಿಗೆ ಪೇಟೆ ಬೀದಿಗೆ ಹೊಂದುವುದು ಅದೇ ದಾರಿ. ಜೊತೆಗೆ, ಇಷ್ಟಿಷ್ಟು ದೂರಕ್ಕೆ ರಸ್ತೆಗೆ ಅಡ್ಡವಾಗಿ ಖಾಲಿ ಪೈಪುಗಳನ್ನು ಹೂತಿಟ್ಟುಬಿಟ್ಟರೆ, ನಾಳೆ ಯಾರಾದರೂ ಹೊಸ ಕೇಬಲ್ಲು ತಂದಾಗ ಕಾಂಕ್ರೀಟ್ ಕತ್ತರಿಸುವ ಮಾತೇ ಬರುವುದಿಲ್ಲ.

ಅಂಗಡಿಯವರು ಹೆಚ್ಚು ಗಮನ ಕೊಡಬೇಕಾದ ಭಾಗ ಅಗ್ರಿಮೆಂಟಿನ ಹಂತಗಳ ಷರತ್ತು. "12 ತಿಂಗಳಲ್ಲಿ ಪೂರ್ಣಗೊಳಿಸತಕ್ಕದ್ದು" ಎಂದಷ್ಟೇ ಇದ್ದರೆ ಗುತ್ತಿಗೆದಾರ ಮೊದಲ ತಿಂಗಳಲ್ಲೇ ಇಡೀ ಬೀದಿ ಅಗೆದು ಹಾಕುತ್ತಾನೆ. ಅದಕ್ಕೆ ಕಾರಣ ಇದೆ. ಬಿಲ್ಲು ಆಗುವುದು ಅಳತೆ ಮಾಡಿದ ಪ್ರಮಾಣಕ್ಕೆ, ಅಗೆತವೇ ಎಲ್ಲಕ್ಕಿಂತ ಬೇಗ ಆಗುವ ಪ್ರಮಾಣ. ಅದರ ಬದಲು ಬೀದಿಯನ್ನು 80 ಅಥವಾ 100 ಮೀಟರಿನ ತುಂಡುಗಳಾಗಿ ಬರೆದು, ಒಂದು ತುಂಡಿನ ಚರಂಡಿ, ಪೈಪು, ಕಾಂಕ್ರೀಟ್, ಮೆಟ್ಟಿಲು ಮುಗಿದ ಮೇಲಷ್ಟೇ ಮುಂದಿನದನ್ನು ಅಗೆಯಬೇಕು ಎಂದು ಹಾಕಬಹುದು. ಪ್ರತಿ ತುಂಡಿಗೂ ಗಡುವು, ತಪ್ಪಿದರೆ ದಂಡ. ಕಾಂಕ್ರೀಟ್ ಹಾಕಿದ ದಿನವೇ ಗಾಡಿ ಓಡುವುದಿಲ್ಲ. ಪೂರ್ತಿ ಬಲ ಬರಲು 28 ದಿನ ಲೆಕ್ಕ. ಆ 28 ದಿನ ಗೋಣಿ ಹಾಸಿ ನೀರು ಕಟ್ಟಿದ ರಸ್ತೆಯ ಪಕ್ಕದಲ್ಲಿ ಜನ ಅಂಗಡಿಗೆ ಹೋಗುವುದೆಂತು, ಮಂಡಿಗೆ ಬಂದ ಲಾರಿಯ ಚೀಲ ಇಳಿಸುವುದೆಲ್ಲಿ, ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಯಾವ ಕಡೆಯಿಂದ ಬರಬೇಕು? ಹಮಾಲರ ತಲೆಹೊರೆಯ ದೂರ ಐವತ್ತು ಅಡಿಯಿಂದ ಮುನ್ನೂರು ಅಡಿಗೆ ಹೋದರೆ ಆ ಕೂಲಿ ಯಾರು ಕೊಡುತ್ತಾರೆ? ಇವು ಸಣ್ಣ ಪ್ರಶ್ನೆಗಳಲ್ಲ. ಕೈಪಿಡಿಯಿರುವ ಭದ್ರವಾದ ಹಲಗೆ ಸೇತುವೆ ಕೂಡ ಐಟಂ ಪಟ್ಟಿಯಲ್ಲಿ ಬರಬೇಕು. ಬಾರದಿದ್ದರೆ ಸೈಟಿನಲ್ಲಿ ಸಿಗುವುದು ಸೆಂಟ್ರಿಂಗಿನ ಹಳೇ ಶೀಟು.

ಕ್ಯಾಲೆಂಡರನ್ನೂ ಊರಿನದ್ದೇ ಇಟ್ಟುಕೊಳ್ಳಬೇಕು. ಮುಂಗಾರಿನಲ್ಲಿ ಆಳದ ಅಗೆತ ಬೇಡ. ಮೆಕ್ಕೆಜೋಳದ ಸುಗ್ಗಿಗೆ ಚೀಲದ ವ್ಯಾಪಾರ, ಲಾರಿ ಓಡಾಟ ಎರಡೂ ಏರುತ್ತವೆ. ದೀಪಾವಳಿ, ರಂಜಾನ್, ಮದುವೆಯ ತಿಂಗಳುಗಳು ಜವಳಿಯವರಿಗೆ ವರ್ಷದ ಅನ್ನ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬರುತ್ತದೆ. ಆಗ ಹಳೇ ಊರಿನ ಯಾವ ಬೀದಿಯೂ ಅಗೆದು ಬಿದ್ದಿರಬಾರದು. ಇದೆಲ್ಲ ಟೆಂಡರಿಗೆ ಮೊದಲೇ ದಾಖಲೆಯಲ್ಲಿದ್ದರೆ ಗುತ್ತಿಗೆದಾರ ಅದಕ್ಕೆ ತಕ್ಕ ದರ ಹಾಕುತ್ತಾನೆ. ಆಮೇಲೆ ಹೇಳಿದರೆ ಅವನು ಹೆಚ್ಚು ಹಣ ಅಥವಾ ಹೆಚ್ಚು ಕಾಲ ಕೇಳುವುದು ನ್ಯಾಯವೇ ಆಗುತ್ತದೆ.

ಕೆಲಸ ನಡೆಯುವಾಗ ಹಣದ ಕೀಲಿ ಇರುವುದು ಎಂಬಿ ಪುಸ್ತಕದಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ. ಮುಚ್ಚಿಹೋಗುವ ಪ್ರತಿ ಕೆಲಸವನ್ನು ಮುಚ್ಚುವ ಮೊದಲು ಅಳೆದು ಬರೆಯಬೇಕು, ಫೋಟೋ ಇರಬೇಕು. ಕಾಂಕ್ರೀಟ್ ಹಾಕುವ ದಿನ 150 ಮಿಲಿಮೀಟರಿನ ಚೌಕ ಅಚ್ಚುಗಳಿಗೆ ಅದೇ ಮಿಶ್ರಣ ತುಂಬಿಡುತ್ತಾರೆ. 7 ದಿನಕ್ಕೆ ಮೂರು, 28 ದಿನಕ್ಕೆ ಮೂರು ಒಡೆದು ಬಲ ನೋಡುತ್ತಾರೆ. ಎಂ40 ದರ್ಜೆಯ ಕಾಂಕ್ರೀಟ್ ಎಂದರೆ 28ನೇ ದಿನ ಪ್ರತಿ ಚದರ ಮಿಲಿಮೀಟರಿಗೆ 40 ನ್ಯೂಟನ್ ಒತ್ತಡ ತಾಳಬೇಕು. ಅಂಗಡಿ ಮುಂದೆ ನಿಂತು ಅಚ್ಚು ತುಂಬುವುದನ್ನು ನೋಡಲು ಯಾರ ಅಪ್ಪಣೆಯೂ ಬೇಡ. ಹಾಗೆಯೇ ಕಾಂಕ್ರೀಟ್ ಗಟ್ಟಿಯಾಗುತ್ತಿದ್ದಂತೆ, ಅದೇ ರಾತ್ರಿಯೊಳಗೆ ಅಡ್ಡಗೆರೆ ಕೊಯ್ಯುವ ಯಂತ್ರ ಬರಬೇಕು. ಬೆಳಗಾಗುವವರೆಗೆ ಬಿಟ್ಟರೆ ಕಾಂಕ್ರೀಟ್ ತನಗೆ ಬೇಕಾದ ಕಡೆ ತಾನೇ ಬಿರಿಯುತ್ತದೆ.

ದಾಖಲೆ ಸಿಗುವುದು ಎಲ್ಲಿ ಎಂದು ಕೇಳುತ್ತೀರಿ. ಟೆಂಡರ್ ಪ್ರಕಟಣೆಗಳನ್ನು ರಾಜ್ಯ ಸರ್ಕಾರದ ಖರೀದಿ, ಟೆಂಡರುಗಳ ಜಾಲತಾಣವಾದ ಕೆಪಿಪಿಪಿ ಪೋರ್ಟಲ್ಲಿನಲ್ಲಿ ಯಾರು ಬೇಕಾದರೂ ನೋಡಬಹುದು. ಡಿಪಿಆರ್, ಅಗ್ರಿಮೆಂಟು, ಎಂಬಿ ಪ್ರತಿಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ. 30 ದಿನದಲ್ಲಿ ಉತ್ತರ ಬರಬೇಕು. ಅಗ್ರಿಮೆಂಟಿನಲ್ಲಿ ಮೊದಲು ನೋಡಬೇಕಾದ್ದು ದೋಷ ಹೊಣೆಗಾರಿಕೆ ಅವಧಿ ಎಷ್ಟು ವರ್ಷ ಎಂಬುದನ್ನು. ಆ ಅವಧಿಯೊಳಗೆ ಕುಸಿದದ್ದನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿ ಮಾಡಬೇಕು, ಅವನ ಠೇವಣಿ ಅಲ್ಲಿಯವರೆಗೆ ಹಿಡಿದಿರುತ್ತದೆ. ಮುಗಿಯುವ ತಾರೀಖನ್ನು ಗಲ್ಲಾದ ಪಕ್ಕ ಬರೆದಿಟ್ಟುಕೊಳ್ಳಿ.

ಹೋದ ಬಾರಿ ಊರಿಗೆ ಹೋದಾಗ ಅಣ್ಣ ಹೇಳಿದ, ನಮ್ಮ ಓಣಿಗೂ ಸರ್ವೆಯವರು ಬರುವ ಮಾತಿದೆಯಂತೆ. ಭಾನುವಾರ ಬೆಳಗ್ಗೆ ಗಾರೆ ಕೆಲಸದವರ ಹತ್ತಿರ ಮಟ್ಟ ನೋಡುವ ನೀರಿನ ಟ್ಯೂಬು ಇಸಕೊಂಡು ಬಂದೆವು. ಪಾರದರ್ಶಕ ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದಲ್ಲ, ಅಷ್ಟೇ ಅದರ ವಿದ್ಯೆ. ಒಂದು ತುದಿಯನ್ನು ಓಣಿ ತುದಿಯ ಹಳೇ ಕಲ್ಲುಕಂಬಕ್ಕೆ ಎಳೆದ ಕೆಂಪು ಗೆರೆಗೆ ಅಣ್ಣ ಹಿಡಿದ. ಇನ್ನೊಂದು ತುದಿ ಹಿಡಿದು ನಾನು ಅಂಗಡಿ ಅಂಗಡಿಗೆ ಹೋದೆ. ಗುಳ್ಳೆ ಇಲ್ಲದಂತೆ ನೀರು ನಿಲ್ಲುವವರೆಗೆ ಕಾದು, ಅಲ್ಲಿಂದ ಹೊಸ್ತಿಲಿಗೆ ಟೇಪು ಇಳಿಬಿಟ್ಟು ಸೀಮೆಸುಣ್ಣದಲ್ಲಿ ಶಟರ್ ಮೇಲೆ ಬರೆದೆ. ಟ್ಯೂಬು ಮುಟ್ಟದಷ್ಟು ದೂರ ಹೋದಾಗ ನಡುವೆ ಇನ್ನೊಂದು ಗೆರೆ ಹಾಕಿಕೊಂಡು ಮುಂದುವರಿದೆವು. ಪಕ್ಕದ ಬೆಲ್ಲದಂಗಡಿಯ ಯಜಮಾನರು ಕುರ್ಚಿ ಹಾಕಿಕೊಂಡು ಕೂತು ಪುಸ್ತಕದಲ್ಲಿ ಇಳಿಸಿಕೊಂಡರು. ಹತ್ತೂವರೆಗೆ ಇಪ್ಪತ್ತಾರು ಅಂಗಡಿ ಮುಗಿದವು. ಎಲ್ಲಕ್ಕಿಂತ ತಗ್ಗು ನಮ್ಮದೇ ಎಂದುಕೊಂಡಿದ್ದೆವು. ಎದುರು ಸಾಲಿನ ದರ್ಜಿಯ ಅಂಗಡಿ ನಮಗಿಂತ ಎರಡು ಇಂಚು ಕೆಳಗಿತ್ತು. ಆ ಪಟ್ಟಿಗೆ ಎಲ್ಲರ ಸಹಿ ಹಾಕಿಸಿ ನಾಲ್ಕು ಪ್ರತಿ ತೆಗೆಸಿದ್ದೇವೆ. ಒಂದು ಅಣ್ಣನ ಗಲ್ಲಾದಲ್ಲಿದೆ, ಸರ್ವೆಯವರು ಬಂದ ದಿನ ಕೊಡಲು.